ಹಕ್ಕಿಬೇಟೆಯ ನಾಯಿಗೆ ಸ್ಥೈರ್ಯಶಿಕ್ಷಣ

ಬೇಟೆನಾಯಿ ಎಂದೊಡನೆ ನಮ್ಮಲ್ಲಿ ಅನೇಕರ ನೆನಪಿಗೆ ಬರುವುದು ಮೊಲದ ಬೆನ್ನಟ್ಟಿ ಓಡುವ ಮುಧೋಳದ ನಾಯಿ. ಇಂಗ್ಲೆಂಡಿನ ಪಾಯಿಂಟರ್, ಸೆಟರ್ ಜಾತಿಗಳ ವಿದ್ಯೆಯಾದರೋ ಇದಕ್ಕೆ ತೀರ ವಿರುದ್ಧವಾದುದು. ಅವು ಕಲಿಯತಕ್ಕದ್ದು ನಿಲ್ಲುವುದನ್ನು. ಸ್ಕಾಟ್‌ಲೆಂಡಿನ ಗುಡ್ಡಗಳ ಕುರುಚಲು ಪೊದೆಗಳಲ್ಲಿ ಅಡಗಿರುವ ಗ್ರೌಸ್ ಹಕ್ಕಿಯ ವಾಸನೆ ಗಾಳಿಯಲ್ಲಿ ಬಂದೊಡನೆ, ಆ ನಾಯಿ ಮೂಗನ್ನು ಮುಂಚಾಚಿ ಕಡೆದ ಶಿಲೆಯಂತೆ ನಿಂತುಬಿಡುತ್ತದೆ.

ಇಷ್ಟು ಹುಟ್ಟಿನಿಂದಲೇ ಬಂದ ಗುಣ. ಬೆಕ್ಕು ಇಲಿಯ ಮೇಲೆ ಹಾರುವ ಮುನ್ನ ಕ್ಷಣಕಾಲ ಸ್ತಬ್ಧವಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಕ್ಷಣವನ್ನೇ ಮನುಷ್ಯನು ತಲೆಮಾರುಗಳ ಆಯ್ಕೆಯಿಂದ ದೀರ್ಘಗೊಳಿಸಿದ್ದಾನೆ. ಆದರೆ ಹಕ್ಕಿ ಪಟಪಟನೆ ಮೇಲೆದ್ದಾಗಲೂ, ಕೋವಿ ಸಿಡಿದಾಗಲೂ ಕದಲದಿರುವುದು ಹುಟ್ಟುಗುಣವಲ್ಲ, ಶಿಕ್ಷಣದ ಫಲ. ತಗ್ಗಿನಲ್ಲಿ ಹಾರುವ ಹಕ್ಕಿಯ ಹಿಂದೆ ನೆಗೆದ ನಾಯಿ ಗುಂಡಿನ ದಾರಿಗೇ ಅಡ್ಡಬಂದೀತು. ಆದ್ದರಿಂದ ಇದು ಶಿಸ್ತಿನ ಅಲಂಕಾರವಲ್ಲ; ನಾಯಿಯ ಪ್ರಾಣದ ಪ್ರಶ್ನೆ.

ಮೊದಲ ಪಾಠದಲ್ಲಿ ಹಕ್ಕಿಯೇ ಇರಕೂಡದು. ಮನೆಯ ಅಂಗಳದಲ್ಲಿ, ಊಟದ ತಟ್ಟೆಯ ಮುಂದೆ, 'ನಿಲ್ಲು' ಎಂಬ ಒಂದೇ ಮಾತಿಗೆ ಅದು ನಿಲ್ಲಬೇಕು. ಬಳಿಕ ಕೊರಳಪಟ್ಟಿಗೆ ಉದ್ದನೆಯ ಹಗ್ಗ ಕಟ್ಟಿ ಬಯಲಿಗೆ ಕರೆದೊಯ್ಯುತ್ತಾರೆ. ಅಲ್ಲಿ ಹುಲ್ಲಿನಲ್ಲಿ ಪಾರಿವಾಳವಿರುವ ಪಂಜರವೊಂದನ್ನು ಮರೆಮಾಡಿರುತ್ತಾರೆ. ದೂರದಿಂದಲೇ ಅದರ ಮುಚ್ಚಳವನ್ನು ತೆರೆಯಬಹುದು. ವಾಸನೆ ಹಿಡಿದ ನಾಯಿ ನಿಂತಿರುವಷ್ಟು ಹೊತ್ತು ಪಾರಿವಾಳವೂ ಇರುತ್ತದೆ. ಅದು ಒಂದು ಹೆಜ್ಜೆ ಮುಂದಿಟ್ಟಿತೋ, ಮುಚ್ಚಳ ತೆರೆದು ಹಕ್ಕಿ ಹಾರಿಹೋಗುತ್ತದೆ. ಬೈಗುಳವಿಲ್ಲ, ಏಟಿಲ್ಲ. ಕದಲಿದರೆ ಕೈತಪ್ಪುವುದೆಂಬುದನ್ನು ಪಾರಿವಾಳವೇ ಕಲಿಸುತ್ತದೆ. ಕೋವಿಯ ಸದ್ದನ್ನು ಮೊದಲು ಬಹುದೂರದಿಂದ ಕೇಳಿಸಿ, ದಿನದಿನಕ್ಕೂ ಹತ್ತಿರ ತರಬೇಕು. ಒಮ್ಮೆ ಬೆದರಿದ ನಾಯಿಯನ್ನು ಸರಿಪಡಿಸುವುದು ಬಲುಕಷ್ಟ.

ಇಂಗ್ಲಿಷಿನಲ್ಲಿ ಈ ಶಿಕ್ಷಣಕ್ಕೆ ಹಿಂದೆ 'ನಾಯಿಯನ್ನು ಮುರಿಯುವುದು' ಎಂಬರ್ಥದ ಹೆಸರಿತ್ತು. ಭಾಷೆಯ ಪಾಠ ಹೇಳುವ ನಮಗೆ ಆ ಮಾತು ಹಿತವೆನಿಸದು. 1848ರಲ್ಲಿ ಹಚಿನ್‌ಸನ್ ಎಂಬ ಸೇನಾಧಿಕಾರಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದ ಹೆಸರೂ ಅದೇ. ಒಳಗಿನ ಬೋಧನೆ ಮಾತ್ರ ಚಾಟಿಗಿಂತ ತಾಳ್ಮೆಯನ್ನೇ ನೆಚ್ಚಿದುದು. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಕಷ್ಟದ ಪಾಠ ಯಜಮಾನನದೇ. ನಾಯಿ ತಪ್ಪಿ ಓಡಿದಾಗ ಎದ್ದ ಹಕ್ಕಿಗೆ ಅವನು ಆಸೆಯಿಂದ ಗುಂಡು ಹಾರಿಸಿದನೋ, ಓಡಿದ್ದಕ್ಕೆ ಬಹುಮಾನ ಕೊಟ್ಟಂತಾಯಿತು. ವಾರಗಳ ಶ್ರಮ ಮಣ್ಣುಪಾಲು.

ಹಕ್ಕಿ ಎದ್ದೊಡನೆ ನಾಯಿ ನೆಲಕ್ಕೆ ಕುಸಿದು ಕೂರಬೇಕೆಂಬುದು ಬ್ರಿಟನ್ನಿನ ಪದ್ಧತಿ. ಅಮೆರಿಕದವರಿಗೆ ಅದು ನಿಂತೇ ಇರಬೇಕು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಡಿ ಈಗ ಕಾಡುಹಕ್ಕಿಗಳ ಬೇಟೆಗೆ ಎಡೆಯಿಲ್ಲ. ಬ್ರಿಟನ್ನಿನಲ್ಲಿ ಕೋವಿಯಿಲ್ಲದೆ, ಗ್ರೌಸ್ ಹಕ್ಕಿಗಳನ್ನು ಎಣಿಸುವುದಕ್ಕೂ ಇದೇ ನಾಯಿಗಳನ್ನು ಒಯ್ಯುತ್ತಾರೆ. ನಾಯಿ ನಿಂತ ಎಡೆಗೆ ಹೋಗಿ ಹಕ್ಕಿಗಳನ್ನು ಎಬ್ಬಿಸುತ್ತಾರೆ. ಎಷ್ಟು ಹಾರಿದವೆಂದು ಬರೆದುಕೊಳ್ಳುವವರೆಗೂ ಅದು ಕದಲುವಂತಿಲ್ಲ.