ಅಂಗಡಿಯ ಕಂಪ್ಯೂಟರಿಗೆ ವಿಂಡೋಸೋ, ಲಿನಕ್ಸೋ?
(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಸದಸ್ಯರಲ್ಲಿ ಹೋಟೆಲು ನಡೆಸುವವರು, ದಿನಸಿ ಅಂಗಡಿ ಇಟ್ಟವರು, ಲೆಕ್ಕ ಬರೆಯುವವರು ಬಹುಮಂದಿ. ಹಲವರ ಗಲ್ಲಾದ ಪಕ್ಕದ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ಅದರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ರಂದು ಮುಗಿಸಿತು. ಸಂಸ್ಥೆಗಳು ಹಣ ತೆತ್ತು ಮೂರು ವರ್ಷದವರೆಗೆ ರಕ್ಷಣೆ ಪಡೆಯಬಹುದಾದರೂ ದರವು ವರ್ಷವರ್ಷಕ್ಕೆ ಇಮ್ಮಡಿಯಾಗುತ್ತದೆ. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಅರ್ಹವಲ್ಲ. ಹೊಸ ಯಂತ್ರ ಕೊಳ್ಳುವುದೆ, ಇರುವುದಕ್ಕೇ ಲಿನಕ್ಸ್ ಹಾಕುವುದೆ?

ಲಿನಕ್ಸನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದರು. ಅದರ ಮೂಲ ಬರವಣಿಗೆ ಎಲ್ಲರಿಗೂ ತೆರೆದಿದೆ. ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಎಲ್ಲವೂ ಲಿನಕ್ಸಿನವೇ. ಬಿಟ್ಟಿ ಸಿಕ್ಕಿದ್ದು ಕೀಳು ಎಂಬ ಮಾತು ಇಲ್ಲಿ ಸಲ್ಲದು.

ಆದರೆ ಬಿಟ್ಟಿಯೆಂಬ ಒಂದೇ ಕಾರಣಕ್ಕೆ ಹಾರುವುದೂ ಜಾಣತನವಲ್ಲ. ಬೆಂಗಳೂರು ಕಂಪನಿಯ ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಲೆಕ್ಕವೆಲ್ಲ ಅದರಲ್ಲೇ ಇದ್ದರೆ ಲಿನಕ್ಸಿನಲ್ಲಿ ಉಳಿಸಿದ ಹಣವನ್ನು ರಿಪೇರಿಯವನಿಗೂ ಹೊಸ ಕಲಿಕೆಗೂ ಕೊಡಬೇಕಾದೀತು. ಪತ್ರ ಬರೆಯುವುದು, ಪಟ್ಟಿ ಮಾಡುವುದು, ಜಾಲತಾಣದಲ್ಲಿ ಜಿ.ಎಸ್.ಟಿ. ಲೆಕ್ಕ ನೋಡುವುದು ಇಷ್ಟೇ ಕೆಲಸವಾದರೆ ಹಳೆಯ ಯಂತ್ರಕ್ಕೆ ಲಿನಕ್ಸ್ ಇನ್ನಷ್ಟು ವರ್ಷದ ಆಯುಸ್ಸು ಕೊಟ್ಟೀತು.

ಬ್ಯಾಂಕಿನ ಗುಮಾಸ್ತರಾದ ನಾವು ದಿನವೂ ಕಾಣುವುದೊಂದುಂಟು. ಖಾತೆ ತೆರೆಯುವವರು ಬಡ್ಡಿಯ ದರವನ್ನು ಕೇಳುತ್ತಾರೆ. ಮುಚ್ಚುವ ನಿಯಮವನ್ನು ಕೇಳುವುದಿಲ್ಲ. ಇಲ್ಲಿಯೂ ಹಾಗೆಯೇ. ಒಳಗೆ ಹೋಗುವ ಬೆಲೆಗಿಂತ ಹೊರಗೆ ಬರುವ ದಾರಿಯೇ ಮುಖ್ಯ.

ಎರಡು ಕಡೆಯೂ ಮಾತು ತಪ್ಪುವುದುಂಟು. ವ್ಯಾಪಾರಸಂಸ್ಥೆಗಳು ನಂಬಿದ್ದ ಸೆಂಟ್‌ಓಎಸ್ 8 ಎಂಬ ಉಚಿತ ಲಿನಕ್ಸಿಗೆ 2029ರವರೆಗೆ ಬೆಂಬಲ ಎಂದಿದ್ದರು. 2021ರ ಕೊನೆಗೇ ನಿಲ್ಲಿಸಿದರು. ಆದರೂ ಬರವಣಿಗೆ ತೆರೆದಿದ್ದುದರಿಂದ ಬೇರೆಯವರು ರಾಕಿ, ಆಲ್ಮಾ ಎಂಬ ಬದಲಿಗಳನ್ನು ಕಟ್ಟಿಕೊಟ್ಟರು. ಜರ್ಮನಿಯ ಮ್ಯೂನಿಕ್ ನಗರಸಭೆ ಸುಮಾರು 15 ಸಾವಿರ ಯಂತ್ರಗಳನ್ನು 2013ರ ವೇಳೆಗೆ ಲಿನಕ್ಸಿಗೆ ಒಯ್ದು, 2017ರಲ್ಲಿ ವಿಂಡೋಸಿಗೇ ಮರಳಲು ತೀರ್ಮಾನಿಸಿತು. ಅಷ್ಟು ದೊಡ್ಡ ಊರಿಗೇ ಈ ಹೋಗಿಬರುವ ಖರ್ಚು ತಪ್ಪಲಿಲ್ಲ.

ಆದ್ದರಿಂದ ಯಾವುದನ್ನು ಆರಿಸುವ ಮೊದಲೂ ಮೂರು ಪ್ರಶ್ನೆ ಕೇಳಿರಿ. ನಮ್ಮ ಲೆಕ್ಕವನ್ನು ಬೇರೆ ತಂತ್ರಾಂಶದಲ್ಲಿ ತೆರೆಯಬಹುದೆ? ಕೆಟ್ಟರೆ ಈ ಊರಿನಲ್ಲಿ ಸರಿಮಾಡುವವರು ಯಾರು? ರಕ್ಷಣೆಯ ಕೊನೆಯ ದಿನ ಯಾವುದು? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಬೆಲೆಯ ಮಾತು. ಮೊದಲು ಒಂದು ಯಂತ್ರದಲ್ಲಿ ಒಂದು ತಿಂಗಳು ಪ್ರಯೋಗ ಮಾಡಿ. ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಂಡೇ ಕೈಹಾಕಿ.

ಈ ಮಾತು ಕನ್ನಡಕ್ಕೂ ತಗಲುತ್ತದೆ. ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಕಡತಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಯೂನಿಕೋಡಿಗೆ ಬದಲಿಸಿದರೆ ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಅದು ಕನ್ನಡವಾಗಿಯೇ ಉಳಿಯುತ್ತದೆ. ಸಂಘದ ಸದಸ್ಯರ ಪಟ್ಟಿ, ಹಳೆಯ ಸಂಚಿಕೆಗಳ ಲೇಖನಗಳು, ಹಿರಿಯರು ಬರೆದುಕೊಟ್ಟ ನೆನಪುಗಳು ಇವೆಲ್ಲ ನಮ್ಮ ಮಕ್ಕಳಿಗೂ ತೆರೆಯಬೇಕು. ಮುಂದಿನ ರಾಜ್ಯೋತ್ಸವದೊಳಗೆ ಅಷ್ಟನ್ನಾದರೂ ಬದಲಿಸಿಡೋಣ. ಭಾನುವಾರಗಳಂದು ಎರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲ ತರುಣರು ಹೆಸರು ಕೊಡಬೇಕೆಂದು ಪ್ರಾರ್ಥನೆ.