ಹಾಲಿನ ಬಿಸಿ ಹೊರಹೋಗುವ ದಾರಿ

(ಹಾಲು ಉತ್ಪಾದಕರ ತರಬೇತಿ ಶಿಬಿರದ ಉಪನ್ಯಾಸ)



ಹೈನುಗಾರಿಕೆಯಲ್ಲಿ ತಳಿ, ಮೇವು, ರೋಗ ಇವುಗಳ ಬಗ್ಗೆ ಬರುವಷ್ಟು ಮಾತು ಹಾಲಿನ ಬಿಸಿಯ ಬಗ್ಗೆ ಬರುವುದಿಲ್ಲ. ಆದರೆ ದಿನವಿಡೀ ಹಸುವಿಗೆ ಹಾಕಿದ ಹುಲ್ಲು, ಹಿಂಡಿ, ಮನೆಯವರ ದುಡಿಮೆ ಎಲ್ಲವೂ ಹಾಲು ಕರೆದ ನಂತರದ ಕೆಲವೇ ಗಂಟೆಗಳಲ್ಲಿ ನಷ್ಟವಾಗಿಬಿಡಬಹುದು. ಕೆಚ್ಚಲಿನಿಂದ ಬರುವಾಗ ಹಾಲಿನ ಉಷ್ಣತೆ ಸುಮಾರು 38 ಡಿಗ್ರಿ ಸೆಂಟಿಗ್ರೇಡ್ ಇರುತ್ತದೆ. ಸೂಕ್ಷ್ಮಾಣುಗಳು ಬೆಳೆಯಲು ಇದಕ್ಕಿಂತ ಹಿತವಾದ ಬಿಸಿ ಬೇರೊಂದಿಲ್ಲ. ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದು ಇಟ್ಟುಕೊಂಡರೆ, ಒಂದೇ ಒಂದು ಸೂಕ್ಷ್ಮಾಣು 5 ಗಂಟೆಗಳಲ್ಲಿ 1,024 ಆಗುತ್ತದೆ. ತಾಜಾ ಹಾಲಿನಲ್ಲಿ ಅವುಗಳನ್ನು ತಡೆಯುವ ಸ್ವಾಭಾವಿಕ ಗುಣ ಸ್ವಲ್ಪ ಇದೆ. ಆದರೆ ಬೆಚ್ಚಗಿನ ಹಾಲಿನಲ್ಲಿ ಆ ಗುಣ ಹೆಚ್ಚು ಹೊತ್ತು ಉಳಿಯುವುದಿಲ್ಲ. ಹಾಲನ್ನು 4 ಡಿಗ್ರಿಗೆ ಇಳಿಸಿದರೆ ಸೂಕ್ಷ್ಮಾಣುಗಳ ಬೆಳವಣಿಗೆ ಬಹಳ ಮಂದವಾಗುತ್ತದೆ.

ಹುಳಿಯಾದ ಹಾಲನ್ನು ಸಂಘದವರು ಹಿಂದಿರುಗಿಸಿದರೆ ಒಂದು ಮನೆಗೆ ನಷ್ಟ. ಗಮನಕ್ಕೆ ಬಾರದೆ ಅದು ಒಳ್ಳೆಯ ಹಾಲಿನೊಡನೆ ಬೆರೆತರೆ ಊರಿಗೇ ನಷ್ಟ. ಆದುದರಿಂದ ಹಾಲನ್ನು ತಂಪುಗೊಳಿಸುವ ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ, ಅವು ಎಲ್ಲಿ ಸೋಲುತ್ತವೆ ಎಂಬುದನ್ನು ಉತ್ಪಾದಕರೂ ತಿಳಿದಿರುವುದು ಅವಶ್ಯಕ.

ತಂಪು ಒಳಗೆ ಬರುವುದಿಲ್ಲ, ಬಿಸಿ ಹೊರಗೆ ಹೋಗುತ್ತದೆ

ಹಾಲಿಗೆ ತಂಪನ್ನು ತುಂಬಲಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜದಲ್ಲಿ ನಡೆಯುವುದು ಬೇರೆ. ಹಾಲಿನಲ್ಲಿರುವ ಶಾಖ ಪಕ್ಕದಲ್ಲಿರುವ ತಣ್ಣನೆಯ ವಸ್ತುವಿಗೆ ಹರಿದುಹೋಗುತ್ತದೆ. ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ ಶಾಖವು ಬಿಸಿಯಿಂದ ತಂಪಿನ ಕಡೆಗೆ ಹರಿಯುತ್ತದೆ. ಹೀಗೆ ಒಂದರ ಶಾಖವನ್ನು ಇನ್ನೊಂದಕ್ಕೆ ದಾಟಿಸುವ ಸಾಧನಕ್ಕೆ ಉಷ್ಣ ವಿನಿಮಯಕ ಎಂದು ಹೆಸರು.

ಶಾಖ ಬೇಗ ದಾಟಲು ಮೂರು ಅನುಕೂಲಗಳು ಬೇಕು. ಎರಡರ ನಡುವೆ ಉಷ್ಣತೆಯ ಅಂತರ ಹೆಚ್ಚಿರಬೇಕು; ಅವು ತಗಲುವ ಮೈ ವಿಶಾಲವಾಗಿರಬೇಕು; ದ್ರವ ನಿಂತಲ್ಲೇ ನಿಲ್ಲದೆ ಚಲಿಸುತ್ತಿರಬೇಕು. ಬಿಸಿ ಕಾಫಿಯನ್ನು ತಟ್ಟೆಗೆ ಸುರಿದು ಆರಿಸುವಾಗ ಮೈ ವಿಶಾಲವಾಗುತ್ತದೆ. ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುವಾಗ ಚಲನೆ ಸಿಗುತ್ತದೆ. ಡೇರಿಯ ದೊಡ್ಡ ಯಂತ್ರಗಳಲ್ಲಿಯೂ ಇರುವುದು ಇದೇ ತತ್ವ.

ತೆಗೆಯಬೇಕಾದ ಶಾಖ ಎಷ್ಟೆಂಬುದನ್ನೂ ನೋಡೋಣ. 100 ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಸುಮಾರು 3,000 ಕಿಲೋ ಕ್ಯಾಲೊರಿ ಶಾಖವನ್ನು ತೆಗೆಯಬೇಕು. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 80 ಕಿಲೋ ಕ್ಯಾಲೊರಿ ಹೀರುತ್ತದೆ. ಎಂದರೆ 100 ಲೀಟರ್ ಹಾಲಿಗೆ 37 ಕಿಲೋದಷ್ಟು ಮಂಜುಗಡ್ಡೆ ಕರಗಬೇಕು. ಇದೇ ಕೆಲಸವನ್ನು ಒಂದು ಗಂಟೆಯಲ್ಲಿ ಮಾಡುವ ಯಂತ್ರದ ಸಾಮರ್ಥ್ಯವನ್ನು ಸುಮಾರು ಒಂದು ಟನ್ ಎನ್ನುತ್ತಾರೆ. ಮಂಜುಗಡ್ಡೆಯನ್ನು ಟನ್‌ಗಟ್ಟಲೆ ಬಳಸುತ್ತಿದ್ದ ಕಾಲದಿಂದ ಈ ಅಳತೆ ಉಳಿದುಬಂದಿದೆ.

ಕ್ಯಾನಿನಿಂದ ಪ್ಲೇಟಿಗೆ

ಹಾಲಿನ ಕ್ಯಾನನ್ನು ತಣ್ಣೀರಿನ ತೊಟ್ಟಿಯಲ್ಲಿ ಇಡುವುದು ಹಳೆಯ ಪದ್ಧತಿ. ಇದರಲ್ಲಿ ಕ್ಯಾನಿನ ಅಂಚಿನ ಹಾಲು ತಣ್ಣಗಾದರೂ ನಡುವಿನ ಹಾಲು ಬಹಳ ಹೊತ್ತು ಬೆಚ್ಚಗೇ ಇರುತ್ತದೆ. 40 ಲೀಟರ್ ಹಾಲಿನ ಶಾಖ ಹೊರಬರಲು ಕ್ಯಾನಿನ ಮೈಯಷ್ಟೇ ದಾರಿ. ಅದೇ 40 ಲೀಟರನ್ನು 4 ಮಿಲಿಮೀಟರ್ ದಪ್ಪದ ಪದರವಾಗಿ ಹರಡಿದರೆ 10 ಚದರ ಮೀಟರ್, ಎಂದರೆ ಒಂದು ಸಣ್ಣ ಕೋಣೆಯ ನೆಲದಷ್ಟು ಜಾಗ ಆವರಿಸುತ್ತದೆ. ಶಾಖಕ್ಕೆ ಆಗ ಎಷ್ಟು ಅಗಲವಾದ ದಾರಿ ದೊರೆಯಿತೆಂದು ಊಹಿಸಬಹುದು.

ಈ ಪದರವನ್ನು ಚಿಕ್ಕ ಜಾಗದಲ್ಲಿ ಅಡಕಗೊಳಿಸಿದವರು ರಿಚರ್ಡ್ ಸೆಲಿಗ್‌ಮನ್. ಅವರು 1910ರಲ್ಲಿ ಲಂಡನ್ನಿನಲ್ಲಿ ಅಲ್ಯೂಮಿನಿಯಂ ಪಾತ್ರೆ ಮತ್ತು ಯಂತ್ರಗಳನ್ನು ತಯಾರಿಸುವ ಕಂಪನಿಯನ್ನು ಸ್ಥಾಪಿಸಿದರು. 1923ರಲ್ಲಿ ಅವರು ರೂಪಿಸಿದ ಪ್ಲೇಟ್ ಉಷ್ಣ ವಿನಿಮಯಕ ಹಾಲಿನ ಉದ್ಯಮದಲ್ಲಿ ನೆಲೆಯೂರಿತು. ಈಗಿನ ಯಂತ್ರಗಳಲ್ಲಿ ಒಂದು ಮಿಲಿಮೀಟರಿಗಿಂತ ತೆಳುವಾದ ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟುಗಳನ್ನು ಪುಸ್ತಕದ ಹಾಳೆಗಳಂತೆ ಸಾಲಾಗಿ ಜೋಡಿಸಿ ಬಿಗಿದಿರುತ್ತಾರೆ. ಪ್ಲೇಟುಗಳ ನಡುವೆ ಕೆಲವೇ ಮಿಲಿಮೀಟರ್ ಸಂದು. ಒಂದು ಸಂದಿನಲ್ಲಿ ಹಾಲು, ಮುಂದಿನದರಲ್ಲಿ ತಣ್ಣೀರು, ಮತ್ತೆ ಹಾಲು, ಹೀಗೆ ಹರಿಯುತ್ತವೆ. ಅಂಚಿನ ರಬ್ಬರ್ ಗ್ಯಾಸ್ಕೆಟ್ ಇವೆರಡೂ ಬೆರೆಯದಂತೆ ತಡೆಯುತ್ತದೆ. ಪ್ಲೇಟಿನ ಮೇಲಿರುವ ಏರು ತಗ್ಗುಗಳು ಅಂದಕ್ಕಾಗಿ ಇರುವುದಲ್ಲ. ಅವು ಹರಿವನ್ನು ಕದಡಿ, ಹಾಲಿನ ಪ್ರತಿಯೊಂದು ಹನಿಯೂ ಲೋಹಕ್ಕೆ ತಾಕುವಂತೆ ಮಾಡುತ್ತವೆ. ಬಿಚ್ಚಿ ತೊಳೆಯಲು ಬರುವುದು ಇದರ ಮತ್ತೊಂದು ಗುಣ.

ಇಲ್ಲಿ ಹಾಲು ಮತ್ತು ನೀರು ಎದುರುಬದುರಾಗಿ ಹರಿಯುವುದನ್ನು ಗಮನಿಸಬೇಕು. 35 ಡಿಗ್ರಿಯ ಹಾಲು ಮತ್ತು 1 ಡಿಗ್ರಿಯ ನೀರನ್ನು ಸಮಪ್ರಮಾಣದಲ್ಲಿ ಒಂದೇ ದಿಕ್ಕಿಗೆ ಹರಿಸಿದರೆ ಎರಡೂ 18 ಡಿಗ್ರಿಯ ಸುಮಾರಿಗೆ ಬಂದು ನಿಲ್ಲುತ್ತವೆ. ಅಲ್ಲಿಂದ ಮುಂದೆ ಶಾಖ ದಾಟುವುದಿಲ್ಲ. ಎದುರು ದಿಕ್ಕಿಗೆ ಹರಿಸಿ, ನೀರನ್ನು ಹಾಲಿನ ಎರಡರಷ್ಟು ಬಿಟ್ಟರೆ ಹಾಲು 4 ಡಿಗ್ರಿಗೆ ಇಳಿದು ಹೊರಬರುತ್ತದೆ. ನೀರು ಸುಮಾರು 16 ಡಿಗ್ರಿಗೆ ಏರುತ್ತದೆ. ಹೊರಟು ನಿಂತ ಹಾಲಿಗೆ ಆಗತಾನೆ ಒಳಬಂದ ತಣ್ಣೀರು ಎದುರಾಗುವುದೇ ಇದಕ್ಕೆ ಕಾರಣ.

ಪಾಶ್ಚರೀಕರಣದಲ್ಲಿಯೂ ಈ ಉಪಾಯ ಉಳಿತಾಯಕ್ಕೆ ದಾರಿಯಾಗಿದೆ. ಅಲ್ಲಿ ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡು ಇಟ್ಟು ಮತ್ತೆ ತಂಪುಗೊಳಿಸಬೇಕು. ಹೊರಹೋಗುವ ಬಿಸಿ ಹಾಲನ್ನು ಒಳಬರುವ ತಣ್ಣನೆ ಹಾಲಿನ ಎದುರು ಹರಿಸಿದರೆ, 4 ಡಿಗ್ರಿಯ ಹಾಲು 65 ಡಿಗ್ರಿಯವರೆಗೆ ತಾನಾಗಿಯೇ ಬಿಸಿಯಾಗಬಲ್ಲದು. ಬೇಕಾದ ಶಾಖದಲ್ಲಿ ಶೇಕಡ 90ರಷ್ಟು ಹೀಗೆ ಹಿಂದಿರುಗಿ ದೊರೆಯುತ್ತದೆ. ಉಳಿದ ಅಷ್ಟಕ್ಕೆ ಮಾತ್ರ ಉರುವಲು ಬೇಕು.

ತಣ್ಣೀರು ಎಲ್ಲಿಂದ ಬರುತ್ತದೆ?

1 ಡಿಗ್ರಿಯ ನೀರು ಬಾವಿಯಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಶಾಖವನ್ನು ತಗ್ಗಿನಿಂದ ಎತ್ತರಕ್ಕೆ ಎತ್ತುವ ಯಂತ್ರ ಬೇಕು. ಬಾವಿಯ ನೀರನ್ನು ಪಂಪು ಮೇಲೆತ್ತುವಂತೆ ಇದು ಶಾಖವನ್ನು ತಂಪಿನಿಂದ ಬಿಸಿಯ ಕಡೆಗೆ ಎತ್ತುತ್ತದೆ. ಸೂಜಿ ಚುಚ್ಚುವ ಮುನ್ನ ತೋಳಿಗೆ ಸ್ಪಿರಿಟ್ ಸವರಿದಾಗ ತಣ್ಣಗೆನಿಸುವುದು ಎಲ್ಲರಿಗೂ ಗೊತ್ತು. ದ್ರವವು ಆವಿಯಾಗುವಾಗ ಪಕ್ಕದ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರಿನಲ್ಲಿ ಒತ್ತಿದರೆ ಬಿಸಿಯೇರುತ್ತದೆ. ಕಂಡೆನ್ಸರಿನಲ್ಲಿ ಗಾಳಿಗೋ ನೀರಿಗೋ ಶಾಖ ಬಿಟ್ಟುಕೊಟ್ಟು ಅದು ಮತ್ತೆ ದ್ರವವಾಗುತ್ತದೆ. ಇದೇ ಸುತ್ತು ನಿರಂತರವಾಗಿ ನಡೆಯುತ್ತದೆ.

ಇಂತಹ ಯಂತ್ರಕ್ಕೆ 1834ರಲ್ಲಿ ಇಂಗ್ಲೆಂಡಿನಲ್ಲಿ ಜೇಕಬ್ ಪರ್ಕಿನ್ಸ್ ಪೇಟೆಂಟ್ ಪಡೆದರು. 1850ರ ದಶಕದಲ್ಲಿ ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಈಥರ್ ಬಳಸಿ ಮಂಜುಗಡ್ಡೆ ತಯಾರಿಸಿದರು. ಈಥರ್ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. 1876ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಅಮೋನಿಯಾ ಬಳಸುವ ಯಂತ್ರವನ್ನು ರೂಪಿಸಿದರು. ಅದನ್ನು ಮೊದಲು ಬಯಸಿದವರು ಬಿಯರ್ ತಯಾರಕರು. ಅಮೋನಿಯಾ ಶೂನ್ಯಕ್ಕಿಂತ 33 ಡಿಗ್ರಿ ಕೆಳಗೇ ಕುದಿಯುತ್ತದೆ. ಆವಿಯಾಗುವಾಗ ಬಹಳಷ್ಟು ಶಾಖ ಹೀರುತ್ತದೆ. ಇಂದಿಗೂ ದೊಡ್ಡ ಡೇರಿಗಳಲ್ಲಿ ಅದೇ ಬಳಕೆಯಲ್ಲಿದೆ. ಆದರೆ ಅದು ವಿಷಕಾರಿ ಅನಿಲವಾದ್ದರಿಂದ ತರಬೇತಿ ಪಡೆದವರೇ ನೋಡಿಕೊಳ್ಳಬೇಕು.

ಡೇರಿಗಳಲ್ಲಿ ಕಾಣುವ ಐಸ್ ಬ್ಯಾಂಕ್ ಎಂಬ ತೊಟ್ಟಿಯೂ ಉಪಯುಕ್ತವಾದದ್ದು. ಹಾಲಿಲ್ಲದ ಹೊತ್ತಿನಲ್ಲಿ ಕಾಯಿಲುಗಳ ಮೇಲೆ ಮಂಜುಗಡ್ಡೆ ಕಟ್ಟಿಸಿಟ್ಟು, ಹಾಲು ಬಂದೊಡನೆ ಅದನ್ನು ಕರಗಿಸಿ ತಣ್ಣೀರು ಪಡೆಯುತ್ತಾರೆ. ಇದರಿಂದ ಚಿಕ್ಕ ಕಂಪ್ರೆಸರಿನಿಂದಲೂ ದೊಡ್ಡ ಕೆಲಸವಾಗುತ್ತದೆ. ಸ್ವಲ್ಪ ಹೊತ್ತು ವಿದ್ಯುತ್ ಕಡಿತವಾದರೂ ಹಾಲು ಕೆಡುವುದಿಲ್ಲ.

ಶಾಖದ ಕೊನೆಯ ನಿಲ್ದಾಣ

ಹಾಲಿನಿಂದ ತೆಗೆದ ಶಾಖ ನಾಶವಾಗುವುದಿಲ್ಲ. ಕಂಪ್ರೆಸರಿಗೆ ಕೊಟ್ಟ ವಿದ್ಯುತ್ತೂ ಶಾಖವಾಗಿ ಅದರೊಡನೆ ಸೇರುತ್ತದೆ. ಇವೆರಡನ್ನೂ ಕಂಡೆನ್ಸರು ಹೊರಹಾಕಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ಕೂಲಿಂಗ್ ಟವರುಗಳಿವೆ. ಬಿಸಿ ನೀರನ್ನು ಮೇಲಿನಿಂದ ತುಂತುರಾಗಿ ಬಿಟ್ಟು ಗಾಳಿ ಹಾಯಿಸಿದರೆ ಸ್ವಲ್ಪ ನೀರು ಆವಿಯಾಗಿ ಉಳಿದದ್ದು ತಣ್ಣಗಾಗುತ್ತದೆ. 100 ಲೀಟರಿನಲ್ಲಿ ಒಂದು ಲೀಟರ್ ಆವಿಯಾದರೆ ಉಳಿದ ನೀರು ಸುಮಾರು 6 ಡಿಗ್ರಿ ಇಳಿಯುತ್ತದೆ. ವಿದ್ಯುತ್ ಸ್ಥಾವರಗಳ ಬಳಿ ಕಾಣುವ, ನಡು ಸಣ್ಣಗಿರುವ ಎತ್ತರದ ಕಾಂಕ್ರೀಟ್ ಗೋಪುರವನ್ನು ನೆದರ್ಲೆಂಡ್ಸಿನ ಫ್ರೆಡೆರಿಕ್ ಫಾನ್ ಇಟರ್ಸನ್ ಮತ್ತು ಗೆರಾರ್ಡ್ ಕೈಪರ್ಸ್ ರೂಪಿಸಿದರು. ಅಂತಹ ಮೊದಲನೆಯದು 1918ರಲ್ಲಿ ಎದ್ದಿತು. ಮನೆಯ ಮಣ್ಣಿನ ಹೂಜಿ ನೀರನ್ನು ತಣ್ಣಗಿಡುವುದೂ ಇದೇ ರೀತಿಯಲ್ಲಿ.

ಸಂಘದ ಬಲ್ಕ್ ಕೂಲರ್

ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಅಭಿವೃದ್ಧಿ ಯೋಜನೆ ಆರಂಭವಾಯಿತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ರೂಪುಗೊಂಡಿತು. ಆ ಕಾಲದಲ್ಲಿ ಕ್ಯಾನುಗಳು ಲಾರಿಯಲ್ಲಿ ದೂರದ ಶೀತಲೀಕರಣ ಕೇಂದ್ರಕ್ಕೆ ಹೋಗಬೇಕಾಗಿತ್ತು. ಈಗ ಅನೇಕ ಹಳ್ಳಿಗಳಲ್ಲಿ ಬಲ್ಕ್ ಕೂಲರುಗಳಿವೆ. ಅವುಗಳ ತೊಟ್ಟಿಯ ತಳದ ಎರಡು ಪದರಗಳ ನಡುವೆ ಶೀತಕ ಅನಿಲ ಆವಿಯಾಗಿ ಹಾಲಿನ ಶಾಖವನ್ನು ಹೀರುತ್ತದೆ. ಮೇಲಿನ ಕಲಕುವ ಸಾಧನ ಹಾಲನ್ನು ನಿಧಾನವಾಗಿ ತಿರುಗಿಸುತ್ತದೆ. ಈ ಕೂಲರಿನ ಬಗ್ಗೆ ಸಂಘದವರು ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

1. ಕಂಡೆನ್ಸರಿನ ಮುಂದೆ ಹಿಂಡಿ ಮೂಟೆ, ಕ್ಯಾನು ಮುಂತಾದವನ್ನು ಒಟ್ಟಬಾರದು. ರೆಕ್ಕೆಗಳ ಮೇಲಿನ ಧೂಳನ್ನು ಮೃದುವಾದ ಬ್ರಷ್‌ನಿಂದ ಆಗಾಗ್ಗೆ ತೆಗೆಯಬೇಕು. ಅಲ್ಲಿ ದಾರಿ ಮುಚ್ಚಿದರೆ ಹಾಲಿನ ಶಾಖ ತೊಟ್ಟಿಯಲ್ಲೇ ಉಳಿಯುತ್ತದೆ. ವಿದ್ಯುತ್ ಬಿಲ್ಲೂ ಏರುತ್ತದೆ.

2. ಕಲಕುವ ಸಾಧನ ನಿಂತಿದ್ದರೆ ತಳದ ಹಾಲು ಹೆಪ್ಪುಗಟ್ಟಿ ಮೇಲಿನದು ಬೆಚ್ಚಗೇ ಇರುತ್ತದೆ. ಅದನ್ನು ಕೂಡಲೆ ಸರಿಪಡಿಸಬೇಕು.

3. ಟ್ಯಾಂಕರ್ ಹೋದ ತಕ್ಷಣ ತೊಟ್ಟಿಯನ್ನು ಮೊದಲು ಬರೀ ನೀರಿನಿಂದ ತೊಳೆಯಬೇಕು. ಮೊದಲೇ ಕುದಿಯುವ ನೀರು ಹಾಕಿದರೆ ಹಾಲಿನ ಅಂಶ ಲೋಹಕ್ಕೆ ಅಂಟಿಕೊಳ್ಳುತ್ತದೆ. ಬಳಿಕ ಕ್ಷಾರದ ಮಾರ್ಜಕದಿಂದಲೂ, ಸೂಚಿಸಿದ ಅವಧಿಗೊಮ್ಮೆ ಆಮ್ಲದ ಮಾರ್ಜಕದಿಂದಲೂ ತೊಳೆಯಬೇಕು. ಕಟ್ಟಿಕೊಂಡ ಪೊರೆಯು ಉಕ್ಕಿಗಿಂತ ಬಹಳ ಕಡಿಮೆ ಶಾಖವನ್ನು ಬಿಡುತ್ತದೆ. ಅದು ಸೂಕ್ಷ್ಮಾಣುಗಳ ಮನೆಯೂ ಹೌದು.

4. ಹಾಲು 4 ಡಿಗ್ರಿಗೆ ಇಳಿಯಲು ಎಷ್ಟು ಹೊತ್ತು ಹಿಡಿಯಿತೆಂದು ದಿನವೂ ಪುಸ್ತಕದಲ್ಲಿ ಬರೆಯಬೇಕು. ಅಷ್ಟೇ ಹಾಲಿಗೆ ದಿನೇ ದಿನೇ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ ಧೂಳು, ಪೊರೆ ಅಥವಾ ಅನಿಲದ ಸೋರಿಕೆ ಇರಬಹುದು. ಯಂತ್ರ ಪೂರ್ತಿ ನಿಲ್ಲುವ ಮೊದಲೇ ಮೆಕ್ಯಾನಿಕ್‌ನನ್ನು ಕರೆಸಲು ಈ ಲೆಕ್ಕ ಸಾಕು.

ಮನೆಯಲ್ಲಿ ಮಾಡಬಹುದಾದದ್ದು

1,000 ಲೀಟರ್ ಹಾಲನ್ನು 3 ಗಂಟೆಗಳಲ್ಲಿ ತಂಪುಗೊಳಿಸಲು ಮೂರು ಟನ್ನಿಗಿಂತ ಹೆಚ್ಚಿನ ಸಾಮರ್ಥ್ಯ ಬೇಕು. ಈ ಹೊರೆಯ ಒಂದು ಪಾಲನ್ನು ಉತ್ಪಾದಕರು ಖರ್ಚಿಲ್ಲದೆ ಇಳಿಸಬಹುದು. 35 ಡಿಗ್ರಿಯ ಹಾಲಿನ ಪಾತ್ರೆಯನ್ನು 25 ಡಿಗ್ರಿಯ ಬಾವಿ ನೀರಿನಲ್ಲಿಟ್ಟು ಅದಕ್ಕೆ ಸಮೀಪ ಇಳಿಸಿದರೆ, ತೆಗೆಯಬೇಕಾದ 31 ಡಿಗ್ರಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮನೆಯಲ್ಲೇ ಮುಗಿಯುತ್ತದೆ. ಸಂಘ ತೆರೆಯುವವರೆಗೆ ಕಾಯಬೇಕಾದವರಿಗೆ ಇದು ಬಹಳ ಸಹಾಯಕ.

ಪಾತ್ರೆಯನ್ನು ನೆರಳಿನಲ್ಲಿಡಬೇಕು. ಹೊರಗಿನ ನೀರಿನ ಮಟ್ಟ ಒಳಗಿನ ಹಾಲಿನ ಮಟ್ಟಕ್ಕಿಂತ ಕಡಿಮೆ ಇರಬಾರದು. ಆದರೆ ಒಂದು ಹನಿ ನೀರೂ ಹಾಲಿಗೆ ಬೀಳಬಾರದು. ಶುಭ್ರವಾದ ಸೌಟಿನಿಂದ ಆಗಾಗ್ಗೆ ಕಲಕಬೇಕು. ನೀರು ಬೆಚ್ಚಗಾದರೆ ಬದಲಾಯಿಸಿ, ಆ ನೀರನ್ನು ದನಕ್ಕೋ ಗಿಡಕ್ಕೋ ಬಳಸಬಹುದು. ನೀರು ಕಡಿಮೆ ಇರುವಲ್ಲಿ ಪಾತ್ರೆಗೆ ಒದ್ದೆ ಗೋಣಿಚೀಲ ಸುತ್ತಿ ಗಾಳಿಯಾಡುವಲ್ಲಿ ಇಡಬೇಕು. ಬಯಲುಸೀಮೆಯ ಒಣ ಹವೆಯಲ್ಲಿ ಇದು ಚೆನ್ನಾಗಿ ಫಲಿಸುತ್ತದೆ; ಕರಾವಳಿಯಲ್ಲಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಅಷ್ಟಾಗಿ ಫಲಿಸದು. ಹಿಂದಿನ ಹೊತ್ತಿನ ತಣ್ಣನೆ ಹಾಲಿಗೆ ಆಗತಾನೆ ಕರೆದ ಬಿಸಿ ಹಾಲನ್ನು ಸೇರಿಸಬಾರದು.

ಹಾಲು ಹುಳಿಯಾಗದಿರಲೆಂದು ಸೋಡಾ ಮುಂತಾದ ರಾಸಾಯನಿಕ ಬೆರೆಸುವುದು ಕಾನೂನಿನ ಪ್ರಕಾರ ಕಲಬೆರಕೆ. ಅದರಿಂದ ಹುಳಿ ಮರೆಯಾಗಬಹುದು, ಸೂಕ್ಷ್ಮಾಣುಗಳು ಹೋಗುವುದಿಲ್ಲ.

ಕೊನೆಯದಾಗಿ ಒಂದು ಮಾತು. ತಂಪು ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು, ಆಗಲೇ ಸೇರಿದವನ್ನು ಕೊಲ್ಲುವುದಿಲ್ಲ. ಕೊಳೆಯಾದ ಕೈ, ತೊಳೆಯದ ಕೆಚ್ಚಲು, ವಾಸನೆ ಬರುವ ಪಾತ್ರೆ ಇವುಗಳಿಂದ ಬಂದ ದೋಷವನ್ನು ಎಷ್ಟು ಬೆಲೆಬಾಳುವ ಕೂಲರೂ ಅಳಿಸಲಾರದು. ಶುಚಿಯಾಗಿ ಕರೆದ ಹಾಲಿನ ಬಿಸಿಯನ್ನು ಬೇಗನೆ ಹೊರಗೆ ಕಳುಹಿಸಿದರೆ ಮಾತ್ರ ಯಂತ್ರಕ್ಕೆ ಹಾಕಿದ ಬಂಡವಾಳ ಉತ್ಪಾದಕರ ಕೈಗೆ ಹಿಂದಿರುಗುತ್ತದೆ.