ಓಟಕ್ಕೆ ನಿಲ್ಲುವ ಮುಂಚೆ
(ಪುತ್ತೂರು, ಸುಳ್ಯ, ಕಡಬ ವಲಯದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ)



ಮಹಿಳಾ ದಿನಾಚರಣೆ, ಸಂಘದ ವಾರ್ಷಿಕೋತ್ಸವ ಬಂತೆಂದರೆ ನಮ್ಮಲ್ಲಿ ಆಟೋಟ ಸ್ಪರ್ಧೆ ಇದ್ದೇ ಇರುತ್ತದೆ. ನೂರು ಮೀಟರ್ ಓಟ, ಲಿಂಬೆ ಚಮಚ, ಹಗ್ಗಜಗ್ಗಾಟ. ವರ್ಷವಿಡೀ ಓಡದ ನಾವು ಆ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತೇವೆ. ಒಳ್ಳೆಯದೇ. ಓಡ್ಬೇಡಿ ಅಂತ ಹೇಳ್ಲಿಕ್ಕೆ ನಾವು ಬಂದದ್ದಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಕ್ರೀಡಾಕೂಟದಲ್ಲಿ ನಮ್ಮ ಕಣ್ಣೆದುರೇ ನಡೆದದ್ದನ್ನು ಹೇಳುತ್ತೇವೆ. ಐವತ್ತು ದಾಟಿದ ಒಬ್ಬ ಅಕ್ಕ ಓಟ ಮುಗಿಸಿ ಬಂದು ಕೂತರು. ಮೈಯೆಲ್ಲ ತಣ್ಣನೆ ಬೆವರು, ದವಡೆ ನೋವು, ವಾಂತಿ ಬಂದ ಹಾಗೆ. "ಗ್ಯಾಸ್ಟ್ರಿಕ್ ಇರ್ಬೇಕು" ಅಂದವರು ನಾವೇ. ಲಿಂಬೆ ಸೋಡಾ ಕೊಟ್ಟೆವು, ಬೆನ್ನು ತಿಕ್ಕಿದೆವು, ಮರದಡಿಯಲ್ಲಿ ಮಲಗಿಸಿ ಬಹುಮಾನ ವಿತರಣೆ ಮುಂದುವರಿಸಿದೆವು. ಎರಡು ಗಂಟೆ ಹೋಯಿತು. ಇಸಿಜಿ ತೆಗೆದಾಗ ಹೃದಯಾಘಾತ ಎಂದು ಗೊತ್ತಾಯಿತು. ಅವರು ಬದುಕಿದ್ದಾರೆ. ಆದರೆ ಗುಡ್ಡೆ ಹತ್ತಲು ಆಗುವುದಿಲ್ಲ, ರಬ್ಬರ್ ಟ್ಯಾಪಿಂಗ್ ಬಿಟ್ಟಿದ್ದಾರೆ. ಆ ಎರಡು ಗಂಟೆ ನಮ್ಮ ತಪ್ಪು.

ಹೆಂಗಸರಿಗೆ ಹೃದಯಾಘಾತ ಯಾವಾಗಲೂ ಸಿನಿಮಾದಲ್ಲಿ ಎದೆ ಹಿಡಿದು ಬೀಳುವಂತೆ ಬರುವುದಿಲ್ಲ. ಎದೆ ಬಿಗಿತದ ಜೊತೆಗೋ, ಅದಿಲ್ಲದೆಯೋ ಉಸಿರು ಕಟ್ಟುವುದು, ಬೆನ್ನು, ಭುಜ, ದವಡೆಯಲ್ಲಿ ನೋವು, ವಾಕರಿಕೆ, ಕಾರಣವಿಲ್ಲದ ಸುಸ್ತು ಇರಬಹುದು. ಗ್ಯಾಸೋ ಹೃದಯವೋ ಎಂದು ತೀರ್ಮಾನಿಸುವುದು ಇಸಿಜಿಯ ಕೆಲಸ, ನಮ್ಮದಲ್ಲ.

"ನಾವು ದಿನಾ ತೋಟದಲ್ಲಿ ದುಡಿಯುವವರು, ನಮಗೇನಾಗ್ತದೆ?" ಎಂದು ಕೇಳುವವರಿದ್ದೀರಿ. ನಟ ಪುನೀತ್ ರಾಜ್‌ಕುಮಾರ್ ದಿನಾ ವ್ಯಾಯಾಮ ಮಾಡುತ್ತಿದ್ದವರು. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೆ ತೀರಿಕೊಂಡರು. ಗಟ್ಟಿ ಮೈಯೊಳಗೂ ತೊಂದರೆ ಅಡಗಿರಬಹುದು. ತೋಟದ ಕೆಲಸ ನಿಧಾನದ್ದು. ಸೀಟಿ ಊದಿದ ಕೂಡಲೇ ಓಡುವಾಗ ಬಿಪಿ, ಎದೆಬಡಿತ ಒಮ್ಮೆಲೇ ಏರುತ್ತವೆ. ರಕ್ತನಾಳದಲ್ಲಿ ಮೊದಲೇ ಕೊಬ್ಬು ಕಟ್ಟಿದ್ದರೆ ಅದು ಒಡೆದು, ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಬಹುದು. ಆದ್ದರಿಂದ ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು, ಹೊಗೆಸೊಪ್ಪು ಹಾಕುವವರು ಸ್ಪರ್ಧೆಗೆ ಹೆಸರು ಕೊಡುವ ಮುಂಚೆ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ಒಂದು ತಿಂಗಳು ಮೊದಲಿನಿಂದಲೇ ಬೇಗಬೇಗ ನಡೆದು ಅಭ್ಯಾಸ ಮಾಡಿ. ಜ್ವರ ಬಂದು ಏಳುತ್ತಿರುವವರು ಓಡುವುದೇ ಬೇಡ. ಊಟ ಆದ ಮೇಲೆ ಮಟಮಟ ಬಿಸಿಲಿನಲ್ಲಿ ಓಟ ಇಡುವ ಕ್ರಮವನ್ನು ಸಂಘದವರು ದಯವಿಟ್ಟು ಬಿಡಬೇಕು.

ಮನೆಯ ಮಕ್ಕಳ ವಿಷಯವೂ ಇದೆ. ಪೊಲೀಸ್, ಮಿಲಿಟರಿಗೆ ಸೇರಲು ಬೆಳಿಗ್ಗೆ ಓಡುವ ಹುಡುಗರಿದ್ದಾರೆ. ಓಡುವಾಗ ತಲೆ ತಿರುಗಿ ಬಿದ್ದರೆ "ಬೆಳಿಗ್ಗೆ ಏನೂ ತಿಂದಿಲ್ಲ" ಎಂದು ಬಿಡಬೇಡಿ. ಕುಟುಂಬದಲ್ಲಿ ಯಾರಾದರೂ ಚಿಕ್ಕ ಪ್ರಾಯದಲ್ಲೇ ಹಠಾತ್ತನೆ ತೀರಿಕೊಂಡಿದ್ದರೆ ಡಾಕ್ಟರಿಗೆ ಅದನ್ನು ಹೇಳಲೇಬೇಕು. ಹುಟ್ಟಿನಿಂದ ಬಂದ ಹೃದಯದ ದೋಷ ಎಳೆಯರಲ್ಲಿ ಓಡುವಾಗಲೇ ಹೊರಗೆ ಬರುವುದುಂಟು.

ಮೈದಾನದಲ್ಲಿ ಯಾರಾದರೂ ಬಿದ್ದರೆ ಭುಜ ತಟ್ಟಿ ಕರೆಯಿರಿ. ಎಚ್ಚರವಿಲ್ಲ, ಉಸಿರಿಲ್ಲ ಅಥವಾ ಗೊರ ಗೊರ ಎಂದು ಆಗೊಮ್ಮೆ ಈಗೊಮ್ಮೆ ಉಸಿರು ಎಂದಾದರೆ ಹೃದಯ ನಿಂತಿದೆ ಎಂದೇ ತಿಳಿಯಬೇಕು. ಒಬ್ಬರು 108ಕ್ಕೆ ಫೋನ್ ಮಾಡಿ, ಇನ್ನೊಬ್ಬರು ಒತ್ತಲು ಶುರು ಮಾಡಿ. ಎದೆಯ ನಡುವೆ ಕೈಯ ಮೇಲೆ ಕೈ ಇಟ್ಟು, ಎರಡು ಇಂಚು ತಗ್ಗುವಷ್ಟು, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲಿ. ಸುಸ್ತಾದರೆ ಜನ ಬದಲಾಗಿ, ಆದರೆ ನಿಲ್ಲಿಸಬೇಡಿ. ಬಾಯಿಗೆ ನೀರು ಹಾಕುವುದು, ಕೈಗೆ ಕಬ್ಬಿಣ ಕೊಡುವುದು ಬೇಡ. ನಾಲ್ಕೈದು ನಿಮಿಷದಲ್ಲಿ ಮಿದುಳಿಗೆ ಪೆಟ್ಟಾಗುತ್ತದೆ, ಆಂಬುಲೆನ್ಸ್ ಬರುವವರೆಗೆ ಕಾದರೆ ಆಗ್ಲಿಕ್ಕಿಲ್ಲ.

ಎಚ್ಚರ ಇದ್ದು ನೋವು ಇದ್ದರೆ ನಡೆಸಬೇಡಿ, ಕೂರಿಸಿ. 108 ತಡವಾಗುವುದಾದರೆ ಜೀಪಾದರೂ ಸರಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ನೇರ ಮಂಗಳೂರಿಗೇ ಹೋಗೋಣ ಎನ್ನುವವರಿದ್ದಾರೆ. ಸುಳ್ಯದಿಂದ ಅದು ಎರಡು ಗಂಟೆಯ ದಾರಿ. ಪುನೀತ್ ಹೆಸರಿನಲ್ಲಿ ರಾಜ್ಯ ಸರಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ, ಸಾವಿರಾರು ರೂಪಾಯಿಯ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅದು ಬೇಗ ಸಿಕ್ಕಿದಷ್ಟೂ ಹೃದಯ ಉಳಿಯುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ರಾತ್ರಿಯೂ ಸಿಗುತ್ತದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಕ್ರೀಡಾಕೂಟದ ದಿನ ಮೈದಾನದ ಯಾವ ಮೂಲೆಯಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗುತ್ತದೆ, ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ, ಯಾರ ಜೀಪು ನಿಲ್ಲಿಸಿರುತ್ತಾರೆ, ಇಷ್ಟನ್ನು ನಿರ್ಣಯ ಪುಸ್ತಕದಲ್ಲೇ ಬರೆಯಿರಿ.

ಮುಂದಿನ ತಿಂಗಳ ಸಭೆಗೆ ಪ್ರತಿ ಸಂಘದವರು ಒಂದು ಗಟ್ಟಿ ತಲೆದಿಂಬು ತನ್ನಿ. ಎದೆ ಒತ್ತುವ ಕ್ರಮವನ್ನು ನರ್ಸ್ ಬಂದು ತೋರಿಸುತ್ತಾರೆ. ಮೊಣಕಾಲೂರಿ ಕೂರಬೇಕಾಗ್ತದೆ, ಚೂಡಿದಾರ ಹಾಕಿ ಬಂದರೆ ಸುಲಭ.